ಪದವಿನ ನೀಲಿ ಹೂವು, ನಾಲ್ಕು ತಿಂಗಳ ಜೌಗು

ಕರ್ನಾಟಕದ ಕರಾವಳಿಯಲ್ಲಿ ಕಡಲಿಗೂ ಘಟ್ಟದ ಬುಡಕ್ಕೂ ನಡುವೆ ಅಲ್ಲಲ್ಲಿ ಎದ್ದು ನಿಂತಿರುವ, ನೆತ್ತಿ ಚಪ್ಪಟೆಯಾದ ಕೆಂಪುಕಲ್ಲಿನ ಗುಡ್ಡಗಳನ್ನು ತುಳುನಾಡಿನವರು ಪದವು ಎನ್ನುತ್ತಾರೆ. ಮಂಗಳೂರಿನ ಪದವಿನಂಗಡಿಯಂಥ ಊರಹೆಸರುಗಳಲ್ಲಿ ಈ ಮಾತು ಇಂದಿಗೂ ಉಳಿದಿದೆ. ಬಜಪೆಯ ವಿಮಾನ ನಿಲ್ದಾಣ ಇರುವುದು ಇಂಥದೇ ಗುಡ್ಡದ ನೆತ್ತಿಯ ಮೇಲೆ. ಮಾರ್ಚ್‌, ಏಪ್ರಿಲ್‌ ತಿಂಗಳಲ್ಲಿ ಪದವನ್ನು ನೋಡಿದವರಿಗೆ ಅಲ್ಲಿ ಕಾಣುವುದು ಕಾದ ಕಾವಲಿಯಂಥ ಕಲ್ಲು, ಬಿರುಕುಗಳಲ್ಲಿ ಒಣಗಿದ ಹುಲ್ಲು, ನೆರಳಿಲ್ಲದ ಬಯಲು ಮಾತ್ರ. ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಕ್ಟೋಬರ್‌ ಕಳೆಯುವವರೆಗೆ ಅದೇ ಕಲ್ಲಿನ ಮೇಲೆ ತೆಳುವಾದ ನೀರಿನ ಹಾಸು ಹರಿಯುತ್ತಿರುತ್ತದೆ, ತಗ್ಗುಗಳಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ, ಬೆರಳುದ್ದ ಆಳದ ಮಣ್ಣು ತಿಂಗಳುಗಟ್ಟಲೆ ಒಣಗದೆ ಕೆಸರಾಗಿಯೇ ಇರುತ್ತದೆ. ನೆಲವು ಶಾಶ್ವತವಾಗಿಯಾಗಲಿ ತಾತ್ಕಾಲಿಕವಾಗಿಯಾಗಲಿ ನೀರಿನಿಂದ ತೊಯ್ದು, ಅಲ್ಲಿನ ಜೀವಿಗಳ ಬದುಕನ್ನು ಆ ನೀರೇ ನಿರ್ಧರಿಸುವಂತಿದ್ದರೆ ಅದನ್ನು ಜೌಗುಪ್ರದೇಶ ಎನ್ನಬೇಕೆಂಬುದು ವಿಜ್ಞಾನದ ಮಾತು. 1971ರ ರಾಮ್ಸರ್‌ ಒಪ್ಪಂದದ ವ್ಯಾಖ್ಯೆಯೂ ತಾತ್ಕಾಲಿಕ ಜೌಗನ್ನು ಹೊರಗಿಡುವುದಿಲ್ಲ. ಈ ಅರ್ಥದಲ್ಲಿ ಪದವು ವರ್ಷದಲ್ಲಿ ನಾಲ್ಕೈದು ತಿಂಗಳು ಅಪ್ಪಟ ಜೌಗುಪ್ರದೇಶವೇ. ಆ ತಿಂಗಳುಗಳನ್ನೇ ನಂಬಿ ಬದುಕುವ ಯುಟ್ರಿಕುಲೇರಿಯ ಎಂಬ ಕುಲದ ನೀಲಿ ಹೂವಿನ ಸಣ್ಣ ಗಿಡಗಳ ಇರುನೆಲೆಯನ್ನೂ ಅವುಗಳಿಗೆ ಬಂದಿರುವ ಅಪಾಯವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಈ ಗಿಡವನ್ನು ಅರಿಯುವ ಮೊದಲು ಅದರ ಕೆಳಗಿನ ಕಲ್ಲನ್ನು ಅರಿಯಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿಗಳಲ್ಲಿ ಮುರಕಲ್ಲು ಎಂದೂ ಉತ್ತರ ಕನ್ನಡದಲ್ಲಿ ಚಿರೆಕಲ್ಲು ಎಂದೂ ಕರೆಯುವ ಈ ಶಿಲೆಗೆ ಲ್ಯಾಟರೈಟ್‌ ಎಂಬ ವೈಜ್ಞಾನಿಕ ಹೆಸರು ಕೊಟ್ಟವನು ಫ್ರಾನ್ಸಿಸ್‌ ಬುಕಾನನ್‌. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಆತ, ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್‌ ಪದದಿಂದ ಆ ಹೆಸರನ್ನು ರೂಪಿಸಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬಳಸಿದ. ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಲ್ಲಿ ಮೂಲಶಿಲೆ ಕರಗಿ, ಸುಣ್ಣ, ಪೊಟ್ಯಾಸಿಯಂ ಮೊದಲಾದ ಪೋಷಕಾಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳಷ್ಟೇ ಗಟ್ಟಿಯಾಗಿ ಉಳಿದು ಈ ಕಲ್ಲು ರೂಪುಗೊಂಡಿದೆ. ಆದುದರಿಂದಲೇ ಅದರ ಮೇಲಿನ ಮಣ್ಣು ಹುಳಿಯಾದುದು, ಸತ್ವ ತೀರ ಕಡಿಮೆಯಾದುದು. ಮೈಯೆಲ್ಲ ತೂತುಗಳಿರುವ ಮುರಕಲ್ಲು ನೀರು ಹೀರುತ್ತದೆಯಾದರೂ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ ಮೀರಿ ಸುರಿಯುವ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವಾಗ ಕಲ್ಲಿನ ಹೀರುವ ಶಕ್ತಿ ಸಾಲದೆ, ಉಳಿದ ನೀರು ಮೇಲ್ಮೈಯಲ್ಲೇ ನಿಂತು ನಿಧಾನವಾಗಿ ಹರಿಯತೊಡಗುತ್ತದೆ.

ಕಲ್ಲಿನ ಏರುತಗ್ಗುಗಳಿಗೆ ತಕ್ಕಂತೆ ಈ ನೀರು ಬೇರೆ ಬೇರೆ ಮನೆಗಳನ್ನು ಕಟ್ಟುತ್ತದೆ. ಇಳಿಜಾರಿನಲ್ಲಿ ಕೂದಲೆಳೆಯಷ್ಟು ದಪ್ಪದ ನೀರಿನ ಪದರ ಹರಿಯುವ ಜಾಗ ಒಂದಾದರೆ, ಮಣ್ಣು ತುಂಬಿ ಕೆಸರಾದ ತಗ್ಗು ಇನ್ನೊಂದು, ಬರಿ ಕಲ್ಲಿನ ತಳದ ಸಣ್ಣ ಹೊಂಡ ಮತ್ತೊಂದು; ಇಂಥ ನೀರಿನ ಹೊಂಡಕ್ಕೆ ತುಳುವಿನಲ್ಲಿ ಪಳ್ಳ ಎನ್ನುತ್ತಾರೆ. ಬೋಳುಗುಡ್ಡವಾಗಿದ್ದು ಕಳೆದ ಶತಮಾನದ ನಡುವಿನಿಂದ ವಿದ್ಯಾನಗರವಾಗಿ ಬೆಳೆದ ಮಣಿಪಾಲಕ್ಕೆ ಆ ಹೆಸರು ಮಣ್ಣುಪಳ್ಳದಿಂದ ಬಂದಿತೆಂಬ ವಿವರಣೆ ಪ್ರಚಲಿತದಲ್ಲಿದೆ. ಇಂದು ಕಾಂಕ್ರೀಟಿನ ಊರೆಂದೇ ಕಾಣುವ ಎತ್ತರದ ನೆಲಕ್ಕೆ ನೀರಿನ ಹೆಸರು ಅಂಟಿಕೊಂಡಿರುವುದು ಪದವಿನ ನಿಜಸ್ವರೂಪವನ್ನು ನೆನಪಿಸುವ ಸಂಗತಿ.

ಆಟಿಯ ಜಡಿಮಳೆ ಸಡಿಲಗೊಂಡು ಸೋಣ ತಿಂಗಳು ಕಾಲಿಡುವ ಹೊತ್ತಿಗೆ, ಅಂದರೆ ಆಗಸ್ಟ್‌ ನಡುವಿನಿಂದ ಮುಂದಕ್ಕೆ, ಪದವಿನ ಹಸಿರು ಹುಲ್ಲಿನ ನಡುವೆ ನೀಲಿ ಬಣ್ಣ ಹರಡುತ್ತದೆ. ಆ ಬಣ್ಣದ ಹೆಚ್ಚಿನ ಪಾಲು ಯುಟ್ರಿಕುಲೇರಿಯ ರೆಟಿಕುಲೇಟ ಎಂಬ ಪ್ರಭೇದದ್ದು. ಮೊಣಕಾಲೂರಿ ಬಗ್ಗಿ ನೋಡಿದರೆ ಹೊಲಿಗೆಯ ದಾರಕ್ಕಿಂತ ತುಸುವೇ ದಪ್ಪನಾದ ಹೂದಂಟು ಪಕ್ಕದ ಹುಲ್ಲುಕಡ್ಡಿಗೆ ಬಳ್ಳಿಯಂತೆ ಸುತ್ತಿಕೊಂಡು ಮೇಲೇರಿರುವುದು ಕಾಣುತ್ತದೆ. ಒಂಟಿಯಾಗಿ ನೆಟ್ಟಗೆ ನಿಲ್ಲುವಷ್ಟು ಕಸುವು ಆ ದಂಟಿಗಿಲ್ಲ. ತುದಿಯಲ್ಲಿ ಕಿರುಬೆರಳ ಉಗುರಿನಷ್ಟಗಲದ ಹೂವು. ಅದಕ್ಕೆ ಮೇಲೊಂದು ಕೆಳಗೊಂದು ಎರಡು ತುಟಿಗಳು. ಕೆಳತುಟಿ ಅಗಲವಾಗಿ ಲಂಗದಂತೆ ಹರಡಿಕೊಂಡಿದ್ದು, ಅದರ ನಡುವೆ ಉಬ್ಬಿದ ಬಿಳಿಚುಕ್ಕೆಯ ಮೇಲೆ ನೇರಳೆ ಗೆರೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ರೆಟಿಕುಲೇಟ ಎಂಬ ಹೆಸರಿಗೆ ಈ ಬಲೆಯೇ ಕಾರಣ. ಹೂವಿನ ಹಿಂದೆ ಕೆಳಮುಖವಾಗಿ ಚಾಚಿದ ಚೂಪಾದ ಕೊಳವೆಯಲ್ಲಿ ಮಕರಂದವಿದೆ, ಗೆರೆಗಳು ದುಂಬಿಗೂ ಜೇನಿಗೂ ಆ ಬಾಗಿಲಿನ ದಾರಿ ತೋರುತ್ತವೆ. ಒಂದೊಂದು ಹೂವೂ ಕಣ್ತಪ್ಪಿ ಹೋಗುವಷ್ಟು ಸಣ್ಣದಾದರೂ ಸಾವಿರಗಟ್ಟಲೆ ಹೂವು ಒಟ್ಟಿಗೆ ಅರಳುವುದರಿಂದ ದೂರದ ಕೀಟವನ್ನೂ ಸೆಳೆಯಬಲ್ಲವು. ಕೇರಳದಲ್ಲಿ ಇದಕ್ಕೆ ಕಾಕ್ಕಪ್ಪೂವು, ಅಂದರೆ ಕಾಗೆಹೂವು, ಎಂಬ ಹೆಸರಿದ್ದು ಓಣಂ ಹಬ್ಬದ ಹೂರಂಗೋಲಿಯಲ್ಲಿ ಇದಕ್ಕೆ ಸ್ಥಾನವಿದೆ. ಮಹಾರಾಷ್ಟ್ರದ ಕಾಸ್‌ ಪ್ರಸ್ಥಭೂಮಿಯ ಸುತ್ತಿನ ಜನ ಇದೇ ಕುಲದ ನೀಲಿ ಹೂವುಗಳನ್ನು ಸೀತೆಯ ಕಣ್ಣೀರು ಎಂಬರ್ಥದ ಹೆಸರಿನಿಂದ ಗುರುತಿಸುತ್ತಾರೆ.

ಹೂವು ಮೇಲೆ ಮೃದುವಾಗಿ ಕಂಡರೂ ಗಿಡದ ನಿಜವಾದ ಬದುಕು ನಡೆಯುವುದು ಕೆಸರಿನ ಒಳಗೆ. ಯುಟ್ರಿಕುಲೇರಿಯಗಳಿಗೆ ನಿಜವಾದ ಬೇರುಗಳೇ ಇಲ್ಲ. ಬೇರಿನ ಜಾಗದಲ್ಲಿ ನೂಲೆಳೆಯಂಥ ಕಾಂಡಗಳು ಹಸಿಮಣ್ಣಿನಲ್ಲಿ ಹರಡಿಕೊಂಡಿರುತ್ತವೆ, ಅವುಗಳ ಮೇಲೆ ಸಾಸಿವೆಗಿಂತಲೂ ಸಣ್ಣದಾದ, ಒಂದು ಮಿಲಿಮೀಟರ್‌ ಆಸುಪಾಸಿನ ಟೊಳ್ಳು ಗುಳ್ಳೆಗಳಿರುತ್ತವೆ. ಸಣ್ಣ ಚರ್ಮದ ಚೀಲ ಎಂಬ ಅರ್ಥದ ಲ್ಯಾಟಿನ್‌ ಪದದಿಂದ ಲಿನೇಯಸ್‌ 1753ರಲ್ಲಿ ಕುಲಕ್ಕೆ ಹೆಸರಿಟ್ಟದ್ದು ಇವುಗಳಿಂದಲೇ. ಇವನ್ನು ಕನ್ನಡದಲ್ಲಿ ಗುಳ್ಳೆಗಿಡಗಳು ಎಂದರೆ ತಪ್ಪಾಗದು. ಪ್ರತಿ ಗುಳ್ಳೆಗೂ ಒಳಮುಖವಾಗಿ ತೆರೆಯುವ ಒಂದು ಬಾಗಿಲಿದೆ. ಗುಳ್ಳೆಯ ಗ್ರಂಥಿಗಳು ಒಳಗಿನ ನೀರನ್ನು ಎಡೆಬಿಡದೆ ಹೊರಗೆ ಹಾಕುತ್ತಿರುವುದರಿಂದ ಅದರ ಪಕ್ಕಗಳು ಒಳಗೆ ಸೆಳೆದುಕೊಂಡು, ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಗುಳ್ಳೆಯು ಬಿಗಿದ ಬಿಲ್ಲಿನಂತೆ ಸಿದ್ಧವಾಗಿರುತ್ತದೆ. ಮಣ್ಣಿನ ನೀರಿನಲ್ಲಿ ಈಜುವ ಸೂಕ್ಷ್ಮಜೀವಿಯೊಂದು ಬಾಗಿಲ ಬಳಿಯ ಕೂದಲಿಗೆ ತಗುಲಿದೊಡನೆ ಬಾಗಿಲು ಒಳಕ್ಕೆ ಬಾಗಿ, ನೀರಿನೊಂದಿಗೆ ಆ ಜೀವಿಯೂ ಒಳಗೆ ಸೆಳೆಯಲ್ಪಟ್ಟು, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ಒಳಸೆಳೆಯುವುದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಎಂಬುದನ್ನು ಅತಿವೇಗದ ಕ್ಯಾಮೆರಾಗಳಿಂದ ತಿಳಿಯಲಾಗಿದೆ. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಚಾರ್ಲ್ಸ್‌ ಡಾರ್ವಿನ್‌ 1875ರಲ್ಲಿ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಕುರಿತ ಗ್ರಂಥದಲ್ಲಿ ಈ ಗುಳ್ಳೆಗಳಿಗೆ ಸಾಕಷ್ಟು ಪುಟಗಳನ್ನು ಕೊಟ್ಟಿದ್ದರೂ, ಜೀವಿಗಳು ತಾವಾಗಿಯೇ ಬಾಗಿಲನ್ನು ನೂಕಿ ಒಳಸೇರುತ್ತವೆಂದು ಭಾವಿಸಿದ್ದ. ಬೋನು ತಾನೇ ಸ್ಪಂದಿಸಿ ಬೇಟೆಯನ್ನು ಸೆಳೆದುಕೊಳ್ಳುತ್ತದೆಂಬುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಷ್ಟೇ ಸ್ಪಷ್ಟವಾಯಿತು. ಆ ತಿಳಿವಳಿಕೆಗೆ ನೆರವಾದ ಬರಹಗಳಲ್ಲಿ ಭಾರತದ ಸಸ್ಯವಿಜ್ಞಾನಿ ಟಿ. ಏಕಾಂಬರಂ 1916ರಲ್ಲಿ ಪ್ರಕಟಿಸಿದ ಲೇಖನವೂ ಸೇರಿದೆ. ನಮ್ಮ ನೆಲದ ಗಿಡವನ್ನು ನಮ್ಮವರೇ ಸೂಕ್ಷ್ಮವಾಗಿ ನೋಡಿ ಲೋಕಕ್ಕೆ ತಿಳಿಸಿದ ಈ ಪ್ರಸಂಗ ಶಾಲೆಯ ಪಠ್ಯಗಳಲ್ಲಿ ಸ್ಥಾನ ಪಡೆಯಬೇಕಾದುದು.

ಗಿಡವೊಂದು ಪ್ರಾಣಿಯನ್ನು ಹಿಡಿಯುವುದು ಏಕೆಂಬ ಪ್ರಶ್ನೆಗೆ ಉತ್ತರ ಮತ್ತೆ ಕಲ್ಲಿನಲ್ಲೇ ಇದೆ. ಸಾರಜನಕ ಮತ್ತು ರಂಜಕ ಎಂಬ ಎರಡು ಪೋಷಕಾಂಶಗಳು ಮುರಕಲ್ಲಿನ ಮೇಲಿನ ಮಣ್ಣಿನಲ್ಲಿ ತೀರ ಕಡಿಮೆಯಾಗಿರುವುದರಿಂದ ಗುಳ್ಳೆಗಿಡ ಅವನ್ನು ಬೇಟೆಯಿಂದ ಪಡೆಯುತ್ತದೆ. ಬಡ ಮಣ್ಣು ಅದಕ್ಕೆ ಶಾಪವಲ್ಲ, ರಕ್ಷಣೆ: ಮಣ್ಣು ಫಲವತ್ತಾಗಿದ್ದರೆ ಎತ್ತರದ ಹುಲ್ಲುಗಳೂ ಪೊದೆಗಳೂ ಬೆಳೆದು ಬೆಳಕನ್ನು ಮರೆಮಾಡಿ, ಅಂಗುಲದಷ್ಟೂ ಎಲೆಯಿಲ್ಲದ ಈ ಗಿಡವನ್ನು ಹೊಸಕಿಹಾಕುತ್ತಿದ್ದವು. ಹೊಲಕ್ಕೆ ಹಾಕಿದ ಗೊಬ್ಬರವಾಗಲಿ ಬಡಾವಣೆಯ ಚರಂಡಿ ನೀರಾಗಲಿ ಹರಿದುಬಂದು ಸೇರಿದರೆ, ಕಲ್ಲಿಗೆ ಯಾರೂ ಕೈಹಚ್ಚದಿದ್ದರೂ, ಈ ಗಿಡ ಕಾಣೆಯಾಗಬಹುದಾದುದಕ್ಕೆ ಕಾರಣ ಇದೇ. ಫಲವತ್ತತೆಯನ್ನೇ ನೆಲದ ಬೆಲೆಯ ಅಳತೆಗೋಲಾಗಿ ಮಾಡಿಕೊಂಡಿರುವ ಕೃಷಿಕ ಸಮಾಜಕ್ಕೆ ಬಡಮಣ್ಣಿಗೂ ಒಂದು ಬೆಲೆಯಿದೆ ಎಂಬ ಮಾತು ಒಪ್ಪಿಗೆಯಾಗಲು ಕಾಲ ಹಿಡಿಯಬಹುದು, ಆದರೆ ಗುಳ್ಳೆಗಿಡದ ಅಳಿವು ಉಳಿವು ನಿಂತಿರುವುದು ಈ ಮಾತಿನ ಮೇಲೆಯೇ.

ಪದವಿನ ಗುಳ್ಳೆಗಿಡಗಳಲ್ಲಿ ಹೆಚ್ಚಿನವು ಒಂದು ಮಳೆಗಾಲದಲ್ಲಿ ಹುಟ್ಟಿ ಅದೇ ಮಳೆಗಾಲದ ಕೊನೆಗೆ ಮುಗಿಯುವ ಏಕವಾರ್ಷಿಕಗಳು. ನವೆಂಬರ್‌ನಲ್ಲಿ ನೀರು ಇಂಗಿದಂತೆ ಗಿಡ ಒಣಗಿ, ಧೂಳಿನಷ್ಟು ನುಣ್ಣನೆಯ ಬೀಜಗಳು ಮಣ್ಣಿನ ಮೇಲ್ಪದರದಲ್ಲಿ ಸೇರಿಕೊಂಡು, ಬೇಸಗೆಯ ಅಷ್ಟೂ ಬಿಸಿಲನ್ನು ಅಲ್ಲೇ ಸಹಿಸಿ ಮುಂದಿನ ಜೂನ್‌ಗೆ ಕಾಯುತ್ತವೆ. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗೆ ಪದವಿನ ಮೇಲೆ ಗುಳ್ಳೆಗಿಡ ಇದೆಯೆಂದು ಯಾವ ಕಣ್ಣಿಗೂ ಕಾಣದು. ಇರುವುದು ಆ ಬೆರಳುದ್ದ ಆಳದ ಮಣ್ಣು ಮಾತ್ರ. ಯಾವುದೇ ಯೋಜನೆಗಾಗಿ ನಡೆಸುವ ಸಸ್ಯಸಮೀಕ್ಷೆ ಆ ತಿಂಗಳುಗಳಲ್ಲಿ ನಡೆದರೆ ಸಮೀಕ್ಷಕರು ಪ್ರಾಮಾಣಿಕವಾಗಿಯೇ ಇಲ್ಲಿ ಏನೂ ಇಲ್ಲ ಎಂದು ಬರೆದು ಹೋಗುವಂತಾಗುತ್ತದೆ. ಹೂವಿನ ಪಾಲಿಗೆ ಇದಕ್ಕಿಂತ ದೊಡ್ಡ ದುರದೃಷ್ಟವಿಲ್ಲ.

ಜಗತ್ತಿನಲ್ಲಿ ಈ ಕುಲದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಪೀಟರ್‌ ಟೇಲರ್‌ ದಶಕಗಳ ಅಧ್ಯಯನದ ಬಳಿಕ 1989ರಲ್ಲಿ ಹೊರತಂದ ಗ್ರಂಥ ಈ ಕುಲದ ಅಧಿಕೃತ ಆಕರ. ಭಾರತದ ಪ್ರಭೇದಗಳನ್ನು ಎಂ.ಕೆ. ಜನಾರ್ದನಂ ಮತ್ತು ಎ.ಎನ್‌. ಹೆನ್ರಿ 1992ರ ಪುಸ್ತಕದಲ್ಲಿ ಒಟ್ಟುಗೂಡಿಸಿದರು. ಟೇಲರ್‌ 1980ರ ದಶಕದಲ್ಲಿ ಕರ್ನಾಟಕದ ಕರಾವಳಿಯ ಮಾದರಿಗಳಿಂದ ಹೊಸ ಪ್ರಭೇದವೊಂದನ್ನು ಗುರುತಿಸಿ ಅದಕ್ಕೆ ಯುಟ್ರಿಕುಲೇರಿಯ ಸೆಸಿಲಿ ಎಂದು ಹೆಸರಿಟ್ಟರು. ಬೆಂಗಳೂರಿನ ಸೇಂಟ್‌ ಜೋಸೆಫ್ಸ್‌ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ, 1976ರಲ್ಲಿ ಡಾನ್‌ ನಿಕೋಲ್ಸನ್‌ ಅವರೊಂದಿಗೆ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನೂ 1984ರಲ್ಲಿ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟವನ್ನೂ ಕೊಟ್ಟ ಜೆಸ್ವಿಟ್‌ ಪಾದ್ರಿ ಸೆಸಿಲ್‌ ಸಲ್ಡಾನ ಅವರ ನೆನಪು ಈ ಹೆಸರಿನಲ್ಲಿದೆ. ರೆಟಿಕುಲೇಟ ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಹರಡಿದ್ದು ಅದಕ್ಕೆ ತಕ್ಷಣದ ಅಪಾಯವಿಲ್ಲ. ಸೆಸಿಲಿಯ ಹರವು ತೀರ ಕಿರಿದು, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಅದನ್ನು ಅಳಿವಿನ ಭೀತಿಯಲ್ಲಿರುವ ಪ್ರಭೇದಗಳ ಸಾಲಿನಲ್ಲಿ ಇರಿಸಿದೆ.

ಕೆಂಪು ಪಟ್ಟಿಯ ಮಾತುಗಳಿಗೆ ನಿಖರವಾದ ಅರ್ಥವಿದೆ. ಒಂದು ಪ್ರಭೇದ ಕಂಡುಬರುವ ಎಲ್ಲ ತಾಣಗಳನ್ನು ಒಳಗೊಳ್ಳುವಂತೆ ಹೊರಗೆರೆ ಎಳೆದರೆ ಸಿಗುವ ವಿಸ್ತೀರ್ಣ 20,000 ಚದರ ಕಿಲೋಮೀಟರ್‌ಗಿಂತ ಕಡಿಮೆಯಿದ್ದು, ಅದರ ನೆಲೆ ಹರಿದು ಹಂಚಿಹೋಗುತ್ತಲೂ ಕುಗ್ಗುತ್ತಲೂ ಇದ್ದರೆ ಅದು ಅಪಾಯದಲ್ಲಿದೆ ಎಂದಾಗುತ್ತದೆ. ವಿಸ್ತೀರ್ಣ 5,000ಕ್ಕಿಂತ ಕಡಿಮೆಯಾದರೆ ಅಪಾಯ ತೀವ್ರ, 100ಕ್ಕಿಂತ ಕಡಿಮೆಯಾದರೆ ಅತಿ ತೀವ್ರ. ತಲೆ ಎಣಿಸಿ ತೀರ್ಮಾನಿಸುವ ಹುಲಿಗಣತಿಯ ವಿಧಾನ ಇಲ್ಲಿ ನಡೆಯದು, ಏಕೆಂದರೆ ಏಕವಾರ್ಷಿಕ ಗಿಡಗಳ ಸಂಖ್ಯೆ ಆಯಾ ವರ್ಷದ ಮಳೆಯನ್ನು ಹೊಂದಿ ಏರಿಳಿಯುತ್ತದೆ. ಹೂವು ಎಷ್ಟಿದೆ ಎಂಬುದಕ್ಕಿಂತ ಹೂವು ಬಿಡುವ ಕಲ್ಲು ಎಷ್ಟು ಉಳಿದಿದೆ ಎಂದು ಕೇಳುವುದೇ ಇಲ್ಲಿ ಸರಿಯಾದ ಪ್ರಶ್ನೆ.

ಆ ಕಲ್ಲನ್ನು ಸರ್ಕಾರದ ನಕ್ಷೆಗಳಲ್ಲಿ ಹುಡುಕಿದರೆ ಸಮಸ್ಯೆಯ ಬೇರು ಕಾಣಿಸುತ್ತದೆ. ದೇಶದ ಪಾಳುಭೂಮಿಗಳ ನಕಾಶೆಯಲ್ಲಿ ಬರಡು ಕಲ್ಲುನೆಲ ಎಂಬುದೇ ಒಂದು ವರ್ಗ. ಬೋಳು ಪದವು ಅದರಡಿಗೆ ಸಲೀಸಾಗಿ ಬಂದುಬಿಡುತ್ತದೆ. ಇಸ್ರೊದ ಅಹಮದಾಬಾದ್‌ ಕೇಂದ್ರ 2011ರಲ್ಲಿ ಸಿದ್ಧಪಡಿಸಿದ ರಾಷ್ಟ್ರೀಯ ಜೌಗುಪ್ರದೇಶ ನಕಾಶೆಯಲ್ಲಿ 2.25 ಹೆಕ್ಟೇರಿಗಿಂತ ಸಣ್ಣ ಜಲನೆಲೆಗಳನ್ನು ಬರಿಯ ಚುಕ್ಕಿಗಳಾಗಿ ತೋರಿಸಲಾಗಿದ್ದು, ಚಾಪೆಯಗಲದ ಪಳ್ಳಗಳಿಗೂ ಬೆರಳಾಳದ ನೀರಿನ ಹಾಸಿಗೂ ಉಪಗ್ರಹದ ಕಣ್ಣಿನಲ್ಲಿ ಚುಕ್ಕಿಯ ಯೋಗ್ಯತೆಯೂ ಇಲ್ಲ. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆ ಪೊರಂಬೋಕು, ಕುಮ್ಕಿ, ಸರ್ಕಾರಿ ಬಂಜರು ಮುಂತಾದ ಹೆಸರುಗಳಿವೆ. ಹೀಗೆ ಒಂದು ನಕ್ಷೆಗೆ ಅದು ನಿರುಪಯೋಗಿ, ಇನ್ನೊಂದಕ್ಕೆ ಅತಿ ಸಣ್ಣದು. ಅದು ಜೌಗು ಎಂದು ಹೇಳುವ ದಾಖಲೆ ಇಲ್ಲದ ಕಾರಣ, ಬೇರೆ ಉಪಯೋಗಕ್ಕೆ ಕೊಡಲು ಅಡ್ಡಿಯೂ ಇಲ್ಲ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯ ನೆಲವನ್ನು ನೀರಿನ ಲಭ್ಯತೆಯಿಂದಲೇ ವಿಂಗಡಿಸಿದ ನಾಡಿನಲ್ಲಿ ಗದ್ದೆಯ ಮೇಲಿನ ಪದವಿಗೆ ಮಾತ್ರ ನೀರಿನ ಲೆಕ್ಕ ಬಾರದೆ ಹೋದದ್ದು ವಿಷಾದದ ಸಂಗತಿ.

ಅಪಾಯಗಳು ಒಂದೆರಡಲ್ಲ. ಮುರಕಲ್ಲು ಕಡಿಯುವ ಕಸುಬು ಹಳೆಯದೇ ಆಗಿದ್ದರೂ ಕೈಯಿಂದ ಕೊಡಲಿ ಹಿಡಿದು ಕಡಿಯುತ್ತಿದ್ದ ಕಾಲದ ಪಣೆಗೂ ಯಂತ್ರದ ಗರಗಸ ಇಳಿಸಿ ಕೊರೆಯುವ ಇಂದಿನ ಕೋರೆಗೂ ಹೋಲಿಕೆಯಿಲ್ಲ. ಕೋರೆಯ ಕೆಲಸದಲ್ಲಿ ಮೊದಲು ಕೆರೆದು ಬಿಸಾಡುವುದು ಮೇಲಿನ ಮಣ್ಣನ್ನು, ಅಂದರೆ ಬೀಜಗಳ ಕಣಜವನ್ನೇ. ಬಡಾವಣೆ, ರಸ್ತೆ, ಕಾರ್ಖಾನೆಗಳಿಗೆ ಸಮತಟ್ಟಾದ ಎತ್ತರದ ನೆಲ ಬೇಕಾದಾಗ ಪದವೇ ಮೊದಲ ಆಯ್ಕೆಯಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಒಳ್ಳೆಯ ಉದ್ದೇಶದಿಂದ ಆಗುವ ಹಾನಿಯನ್ನು: ಬೋಳು ಗುಡ್ಡವನ್ನು ಹಸಿರು ಮಾಡುವ ಹೆಸರಿನಲ್ಲಿ ಕರಾವಳಿಯ ಉದ್ದಕ್ಕೂ ನೆಟ್ಟ ಅಕೇಶಿಯ ಮರಗಳು ನೆರಳನ್ನೂ ದಪ್ಪ ತರಗೆಲೆಯ ಹಾಸನ್ನೂ ತಂದು, ಬಿಸಿಲೂ ಬಡಮಣ್ಣೂ ಬೇಕಾದ ಸಣ್ಣ ಗಿಡಗಳನ್ನು ಮುಚ್ಚಿಹಾಕುತ್ತವೆ. ಮರ ನೆಡುವುದೆಲ್ಲವೂ ಸಂರಕ್ಷಣೆಯಲ್ಲ. ಮರವಿಲ್ಲದಿರುವುದೇ ಸಹಜವಾದ ನೆಲದಲ್ಲಿ ಮರ ನೆಡುವುದು ಕಾಡಿನಲ್ಲಿ ಮರ ಕಡಿದಷ್ಟೇ ಹಾನಿಕರ. ದನಗಳ ಮಿತವಾದ ಮೇಯುವಿಕೆ ಕೂಡ ಎತ್ತರದ ಹುಲ್ಲನ್ನು ತಗ್ಗಿಸಿ ಹೂವಿಗೆ ಬೆಳಕು ಉಳಿಸುವುದರಿಂದ, ಬೇಲಿ ಹಾಕಿ ದನ ತಡೆದ ಮಾತ್ರಕ್ಕೆ ಪದವು ಉಳಿಯಿತೆಂದು ತಿಳಿಯುವಂತಿಲ್ಲ.

ಕಾನೂನಿನ ನೆರವು ಈವರೆಗೆ ಬಂದದ್ದು ಬೇರೆ ದಿಕ್ಕಿನಿಂದ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಸ್ಯಗಳಿಗೆ ಮೊದಲ ಬಾರಿ ಅನುಸೂಚಿ ಸೇರಿದಾಗ ಅದರಲ್ಲಿದ್ದ ಆರು ಹೆಸರುಗಳಲ್ಲಿ ಕೀಟಾಹಾರಿ ಒಂದೇ, ಮೇಘಾಲಯದ ಹೂಜಿಗಿಡ. ಕಿತ್ತು ಮಾರುವುದನ್ನು ತಡೆಯುವುದು ಆ ಪಟ್ಟಿಯ ಗುರಿ. ಯಾರೂ ಕಿತ್ತು ಮಾರದ, ನೆಲ ಕಳೆದುಕೊಂಡೇ ಸಾಯುವ ಗುಳ್ಳೆಗಿಡಕ್ಕೆ ಅಂಥ ಪಟ್ಟಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದಕ್ಕಿಂತ ಹತ್ತಿರದ ದಾರಿ 2002ರ ಜೀವವೈವಿಧ್ಯ ಕಾಯ್ದೆಯಲ್ಲಿದೆ. ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಒಂದು ಪ್ರದೇಶವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲನೆಯದಾಗಿ ಈ ಮನ್ನಣೆ ಪಡೆದಿದೆ. ಹುಣಸೆಯ ತೋಪಿಗೆ ಸಂದ ಮನ್ನಣೆ ಕರಾವಳಿಯ ಒಂದಾದರೂ ಪದವಿಗೆ ಸಲ್ಲಬೇಕು.

ಪದವನ್ನು ಉಳಿಸುವುದಕ್ಕೆ ಹೂವಿನ ಕಾರಣವೊಂದೇ ಸಾಲದೆನ್ನುವವರಿಗೆ ನೀರಿನ ಕಾರಣವೂ ಇದೆ. ಪದವಿನ ಕಲ್ಲು ಹೀರಿದ ಮಳೆನೀರು ಕೆಳಗಿನ ಶೇಡಿ ಮಣ್ಣಿನ ಪದರ ತಲುಪಿ, ಅದನ್ನು ದಾಟಲಾರದೆ ಪಕ್ಕಕ್ಕೆ ಸರಿದು, ಗುಡ್ಡದ ಮಗ್ಗುಲಲ್ಲಿ ಒಸರಾಗಿ ಹೊರಬರುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಲ್ಲಿ ಹನಿದು ಅಡಿಕೆ ತೋಟಕ್ಕೂ ಮನೆಬಳಕೆಗೂ ಒದಗುವುದು ಇದೇ ಮುರಕಲ್ಲಿನ ಒಡಲ ನೀರು. ಹೂವಿನ ನೆಲೆಯೂ ಬಾವಿಯ ಸೆಲೆಯೂ ಇರುವುದು ಒಂದೇ ಕಲ್ಲಿನಲ್ಲಿ.

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ ಅದು ಊರಿನ ಜೀವಸಂಪತ್ತನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕೆಂದೂ ಕಾನೂನು ಹೇಳುತ್ತದೆ. ಆ ದಾಖಲಾತಿಯಲ್ಲಿ ಊರಿನ ಪದವಿಗೆ ಒಂದು ಪುಟ ಮೀಸಲಿಟ್ಟು, ಸೋಣ ತಿಂಗಳಲ್ಲಿ ಶಾಲೆಯ ಮಕ್ಕಳೊಂದಿಗೆ ಹೋಗಿ, ಎಲ್ಲಿ ನೀರು ನಿಂತಿದೆ, ಎಲ್ಲಿ ನೀಲಿ ಹೂವು ಬಿಟ್ಟಿದೆ ಎಂಬುದನ್ನು ಸರ್ವೆ ನಂಬರಿನ ಸಹಿತ ಗುರುತು ಮಾಡಲು ಬೇಕಾದುದು ಒಂದು ದಿನದ ಸಮಯವಷ್ಟೇ. ಕರಾವಳಿಯ ಪಂಚಾಯಿತಿಗಳು ಬರುವ ಮಳೆಗಾಲದಲ್ಲೇ ಈ ಕೆಲಸ ಮಾಡಲಿ. ಕೋರೆಯ ಅರ್ಜಿ ಬರುವ ಮೊದಲು ಹೂವಿನ ಹೆಸರು ಕಡತದಲ್ಲಿರಲಿ.